ಡಿಸ್ಚಾರ್ಜ್ ತಡ ಮಾಡುತ್ತಿದ್ದವರು ಯಾರು?

ಬೆಳಿಗ್ಗೆ ರೌಂಡ್ಸಿನಲ್ಲಿ ವೈದ್ಯರು "ಇವತ್ತು ಮನೆಗೆ ಹೋಗಬಹುದು" ಎಂದ ಕೂಡಲೇ ರೋಗಿಯ ಕಡೆಯವರು ಚೀಲ ಕಟ್ಟಿಕೊಂಡು ಕೂರುತ್ತಾರೆ. ನಾನು ನರ್ಸಿಂಗ್ ಮೇಲ್ವಿಚಾರಕಿಯಾಗಿದ್ದ ಖಾಸಗಿ ಆಸ್ಪತ್ರೆಯಲ್ಲಿ ಸಂಜೆಯಾದರೂ ಅವರು ಹಾಗೆಯೇ ಕೂತಿರುತ್ತಿದ್ದರು. ಬೈಗುಳವೆಲ್ಲ ಸಿಸ್ಟರ್‌ಗಳಿಗೆ. ಆಡಳಿತದವರ ಸಭೆಯಲ್ಲೂ ಅದೇ ರಾಗ: ನರ್ಸುಗಳು ಚುರುಕಿಲ್ಲ, ಪ್ರೋತ್ಸಾಹಧನ ಕಡಿತ ಮಾಡಿ. ತಪ್ಪೆಲ್ಲ ವಿಮೆಯವರದು ಎಂಬುದು ನನ್ನ ವಾದ. ಇಬ್ಬರ ಕೈಯಲ್ಲೂ ಲೆಕ್ಕವಿರಲಿಲ್ಲ. ಒಂದು ತಿಂಗಳು ಸಮಯ ಕೇಳಿದೆ.

ಪ್ರತಿ ಫೈಲಿಗೂ ಒಂದು ಚೀಟಿ ಲಗತ್ತಿಸಿದೆ. ವೈದ್ಯರು ಹೇಳಿದ ಹೊತ್ತು, ಡಿಸ್ಚಾರ್ಜ್ ಸಾರಾಂಶಕ್ಕೆ ಸಹಿ ಬಿದ್ದದ್ದು, ಉಳಿದ ಔಷಧಿ ಫಾರ್ಮಸಿಗೆ ಮರಳಿದ್ದು, ಬಿಲ್ ಆದದ್ದು, ಹಾಸಿಗೆ ಖಾಲಿಯಾದದ್ದು. ಮೊದಲ ವಾರದ ಚೀಟಿಗಳನ್ನು ಎಸೆಯಬೇಕಾಯಿತು. ಎಲ್ಲದರಲ್ಲೂ ಹತ್ತು, ಹನ್ನೊಂದು, ಹನ್ನೆರಡು! ನರ್ಸುಗಳು ಡ್ಯೂಟಿ ಮುಗಿಯುವಾಗ ನೆನಪಿನಿಂದ ತುಂಬಿದ್ದರು. ಇದು ತಮ್ಮನ್ನು ಹಿಡಿಯುವ ಬಲೆ ಎಂಬ ಅಂಜಿಕೆ ಬೇರೆ. ಚೀಟಿಯಲ್ಲಿ ಯಾವ ನರ್ಸಿನ ಹೆಸರೂ ಇರುವುದಿಲ್ಲ ಎಂದು ಮಾತು ಕೊಟ್ಟ ಮೇಲೆ 10.47, 11.13 ಕಾಣಿಸತೊಡಗಿದವು.

ವಿಮೆಯಿಲ್ಲದೆ ನಗದು ಕಟ್ಟುವವರನ್ನು ಬೇರೆ ಮಾಡಿ ನೋಡಿದೆ. ಅವರೂ ಹೆಚ್ಚುಕಡಿಮೆ ಅಷ್ಟೇ ತಡ. ನನ್ನ ವಾದ ಅಲ್ಲಿಗೆ ಬಿದ್ದುಹೋಯಿತು. ಸಾರಾಂಶ ಬೆಳಿಗ್ಗೆಯೇ ಟೈಪಾಗಿರುತ್ತಿತ್ತು. ವೈದ್ಯರು ರೌಂಡ್ಸ್ ಮುಗಿಸಿ ಹೊರರೋಗಿ ವಿಭಾಗಕ್ಕೆ ಹೋದರೆ ಸಹಿ ಬೀಳುವುದು ಊಟದ ನಂತರ. ಔಷಧಿ ಮರಳಿಸಲು ಎರಡು ಮಹಡಿಗೆ ಒಬ್ಬನೇ ವಾರ್ಡ್ ಬಾಯ್. ಹಾಗೆಂದು ವಿಮೆಯ ತಡ ಸುಳ್ಳಲ್ಲ. ಬಿಲ್ಲಿಗೆ ವಿಮಾ ಕಂಪನಿ ಅಂತಿಮ ಒಪ್ಪಿಗೆಯನ್ನು 3 ಗಂಟೆಯೊಳಗೆ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಹೇಳಿದೆ. ಆದರೆ ಆ ಗಡಿಯಾರ ಓಡಲು ಶುರುವಾಗುವುದು ನಾವು ಕಾಗದ ಕಳುಹಿಸಿದ ಮೇಲೆ ತಾನೆ?

ಮರುದಿನ ಹೊರಡುವ ಸಾಧ್ಯತೆ ಇರುವವರ ಸಾರಾಂಶದ ಕರಡನ್ನು ಹಿಂದಿನ ಸಂಜೆಯೇ ಡ್ಯೂಟಿ ವೈದ್ಯರು ಬರೆದಿಡಲಿ ಎಂದೆವು. "ರಾತ್ರಿ ಜ್ವರ ಬಂದರೆ?" ಎಂದರು ಒಬ್ಬ ಹಿರಿಯರು. ನ್ಯಾಯವಾದ ಪ್ರಶ್ನೆ. ಹಾಗಾಗಿ ಕರಡು ಮಾತ್ರ ಸಂಜೆ. ತಿದ್ದುವುದು, ಸಹಿ ಹಾಕುವುದು ಬೆಳಿಗ್ಗೆ ಹಾಸಿಗೆಯ ಪಕ್ಕದಲ್ಲೇ. ಬಹುಪಾಲು ರೋಗಿಗಳು ಮಧ್ಯಾಹ್ನದೊಳಗೆ ಹೊರಡತೊಡಗಿದರು. ಒಬ್ಬ ಶಸ್ತ್ರಚಿಕಿತ್ಸಕರು ಒಪ್ಪಲೇ ಇಲ್ಲ. ಅವರ ರೋಗಿಗಳು ಮಾತ್ರ ಸಂಜೆಯ ಕಾಫಿ ಕುಡಿದೇ ಹೋಗುತ್ತಿದ್ದರು. ಪ್ರೋತ್ಸಾಹಧನ ಕಡಿತದ ಮಾತು ಸದ್ದಿಲ್ಲದೆ ಸಭೆಯಿಂದ ಮಾಯವಾಯಿತು.

ಆಮೇಲೆ ಬಂದ ವ್ಯವಸ್ಥಾಪಕರು ಚೀಟಿಯಲ್ಲಿ ನರ್ಸಿನ ಹೆಸರಿಗೂ ಒಂದು ಕಾಲಂ ಇರಲಿ ಎಂದರು. ಸಹಿ ಹಾಕುವ ವೈದ್ಯರ ಹೆಸರಿಗೂ ಒಂದಿರಲಿ ಸಾರ್ ಎಂದೆ. ಎರಡೂ ಬರಲಿಲ್ಲ.