‘ದೀಡ ನೂರು’ ತಿಳಿಯುವ ಸೇವೆಯನ್ನೇ ಆರಿಸಿ

ವಿಜಯಪುರದ ಒಣದ್ರಾಕ್ಷಿ ಮಳಿಗೆಯಿರಲಿ, ಇಳಕಲ್ ಸೀರೆ ಅಂಗಡಿಯಿರಲಿ, ಫೋನಿನ ಮಾತನ್ನು ಅಕ್ಷರಕ್ಕಿಳಿಸುವ ಕಂಪ್ಯೂಟರ್ ಸೇವೆ ಕೊಳ್ಳುವವರು ಎಡವುವುದು ಡೆಮೊ ನಂಬಿ. ಡೆಮೊದಲ್ಲಿ ಒಳ್ಳೆಯ ಮೈಕು, ಪುಸ್ತಕದ ಕನ್ನಡ. ಆದರೆ ಸಾಮಾನ್ಯ ಫೋನ್ ಲೈನಿನಲ್ಲಿ ಸುಮಾರು 3,400 ಹರ್ಟ್ಸ್‌ನಿಂದ (ಸೆಕೆಂಡಿಗೆ ಅಷ್ಟು ಕಂಪನ) ಮೇಲಿನ ತೀಕ್ಷ್ಣ ಸದ್ದು ದಾಟುವುದೇ ಇಲ್ಲ. ‘ಸ’ ಯಾವುದು, ‘ಫ’ ಯಾವುದು ಎಂದು ಮನುಷ್ಯರ ಕಿವಿಯೇ ತಡವರಿಸುತ್ತದೆ.

ಮೊದಲು ನಿಮ್ಮದೇ 50 ಕರೆ ತೆಗೆಯಿರಿ. ರೆಕಾರ್ಡ್ ಆಗುತ್ತಿದೆಯೆಂದು ಗಿರಾಕಿಗೆ ಮೊದಲೇ ಹೇಳಿರಬೇಕು. ವಯಸ್ಸಾದವರದ್ದು, ಬಸ್‌ಸ್ಟ್ಯಾಂಡಿನಿಂದ ಮಾಡಿದ್ದು, ಮಾರುಕಟ್ಟೆ ಗದ್ದಲದ್ದು ಎಲ್ಲವೂ ಇರಲಿ. ಗಿರಾಕಿಯ ದನಿ ಒಂದು ಚಾನೆಲ್‌ನಲ್ಲಿ, ಸಿಬ್ಬಂದಿಯದು ಇನ್ನೊಂದರಲ್ಲಿ, ಬೇರೆಬೇರೆಯಾಗಿ ದಾಖಲಾಗಲಿ. ಫೈಲನ್ನು ಎಂಪಿ3 ಮಾಡಿ ಹಿಂಡಬೇಡಿ. 8,000 ಹರ್ಟ್ಸ್ ಸ್ಯಾಂಪಲಿಂಗ್‌ನ, ಅಂದರೆ ಸೆಕೆಂಡಿಗೆ 8,000 ಸಲ ಅಳೆದು ದಾಖಲಿಸಿದ ಧ್ವನಿಯನ್ನು 16,000ಕ್ಕೆ ಏರಿಸಿದರೂ ಕತ್ತರಿಸಿಹೋದ ಸದ್ದು ಮರಳುವುದಿಲ್ಲ.

ಕಷ್ಟ ಇರುವುದು ತಪ್ಪು ಎಣಿಸುವುದರಲ್ಲಿ. ಕರೆಯಲ್ಲಿ ಆಡಿದ್ದನ್ನು ಆಡಿದ ಹಾಗೇ ಕೈಯಾರೆ ಬರೆಸಿ, ಸೇವೆ ಕೊಟ್ಟದ್ದರ ಪಕ್ಕಕ್ಕಿಡಿ. ಬದಲಾದ, ಬಿಟ್ಟುಹೋದ, ಹೊಸದಾಗಿ ನುಸುಳಿದ ಪದಗಳನ್ನು ಕೂಡಿಸಿ ಒಟ್ಟು ಪದಗಳಿಂದ ಭಾಗಿಸುವುದು ರೂಢಿಯ ಲೆಕ್ಕ. ಕನ್ನಡಕ್ಕೆ ಈ ಲೆಕ್ಕ ಮೋಸ. ‘ಎಷ್ಟೈತ್ರಿ’ ಎಂಬ ಒಂದು ಪದವನ್ನು ‘ಎಷ್ಟು ಐತಿ ರಿ’ ಎಂದು ಬಿಡಿಸಿದರೆ ಅರ್ಥ ಕೆಡದಿದ್ದರೂ ಮೂರು ತಪ್ಪು ಬೀಳುತ್ತವೆ. ಅತ್ತ ‘ದೀಡ ನೂರು ಪೆಟ್ಟಿಗಿ’ (ನೂರೈವತ್ತು ಪೆಟ್ಟಿಗೆ) ಎಂಬುದು ‘ಇದು ನೂರು ಪೆಟ್ಟಿಗೆ’ ಆದರೆ ಲೆಕ್ಕಕ್ಕೆ ಸಣ್ಣ ತಪ್ಪು, ಮಳಿಗೆಗೆ 50 ಪೆಟ್ಟಿಗೆ ಖೋತಾ. ಹಾಗಾಗಿ ಅಂಕಿ, ದರ, ಹೆಸರು, ಊರು ಇಷ್ಟನ್ನೇ ಬೇರೆ ಹಾಳೆಯಲ್ಲಿ ಎಣಿಸಿ. ಸವ್ವಾ (ಒಂದೂಕಾಲು), ದೀಡ (ಒಂದೂವರೆ), ಅಡೀಚ (ಎರಡೂವರೆ) ಬರುವ ಕರೆಗಳು ಕನಿಷ್ಠ ಹತ್ತಾದರೂ ಇರಲಿ. ಇಂಥ ನೂರು ಮಾತಿನಲ್ಲಿ ಐದಕ್ಕಿಂತ ಹೆಚ್ಚು ತಪ್ಪಿದರೆ ಆ ಸೇವೆ ಬೇಡ, ಎಷ್ಟೇ ಅಗ್ಗವಿರಲಿ.

ಆಮೇಲೆ ನಿಮ್ಮ ಕರೆಗಳಲ್ಲಿ ಬರುವ ವಿಶೇಷ ಹೆಸರುಗಳ ಪದಪಟ್ಟಿಯನ್ನು ಸೇವೆಗೆ ಕೊಟ್ಟು, ಅದೇ ಕರೆಗಳನ್ನು ಇನ್ನೊಮ್ಮೆ ಓಡಿಸಿ. ಇಂಡಿ, ತಿಕೋಟಾ, ತಾಳಿಕೋಟೆಯಂಥ ಊರುಗಳು, ನಿಮ್ಮ ಮಾಲಿನ ಹೆಸರುಗಳು ಅದರಲ್ಲಿರಲಿ. ಇಲ್ಲದಿದ್ದರೆ ‘ಇಂಡಿ’ ‘ಹಿಂದಿ’ಯಾದೀತು. ಸಿಕ್ಕಿದ್ದೆಲ್ಲ ತುರುಕಬೇಡಿ, ಆಡದ ಪದವೂ ಬರಹದಲ್ಲಿ ಕಾಣಿಸಿಕೊಳ್ಳುತ್ತದೆ.

ಬೆಳಗಾವಿಯವರಿಗೆ ಇನ್ನೊಂದು ಪರೀಕ್ಷೆ ಬಾಕಿ. ಕನ್ನಡದಲ್ಲಿ ಶುರುವಾದ ಮಾತು ನಡುವೆ ಮರಾಠಿಗೆ ಹೊರಳುತ್ತದೆ. ಕರೆಗೆ ಒಂದೇ ಭಾಷೆ ಹಿಡಿಯುವ ಸೇವೆ ಮರಾಠಿಯನ್ನೂ ಕನ್ನಡವೆಂದೇ ಬಗೆದು ಏನೋ ಗೀಚಿಡುತ್ತದೆ.

ಕರೆ ಮುಗಿದ ಮೇಲೆ ಬರಹ ಸಿಕ್ಕರೆ ಸಾಕೆನ್ನುವವರು ಲೈವ್ ಸೇವೆಗೆ ದುಡ್ಡು ಸುರಿಯುವುದು ದಂಡ. ಬಿಲ್ಲು ಸೆಕೆಂಡಿಗೋ, 15 ಸೆಕೆಂಡಿಗೋ, ಪೂರ್ತಿ ನಿಮಿಷಕ್ಕೋ ಎಂದು ಬರಹದಲ್ಲಿ ಪಡೆಯಿರಿ. ಎರಡು ಚಾನೆಲ್‌ಗೆ ಎರಡು ಪಟ್ಟು ಹಾಕುವವರಿದ್ದಾರೆ. ಹೋಲ್ಡ್ ಸಂಗೀತ ನುಡಿಯುವಾಗಲೂ ಮೀಟರ್ ಓಡುತ್ತದೆ. ಆ ಹೊತ್ತು ಧ್ವನಿ ಕಳಿಸದಂತೆ ಫೋನ್ ವ್ಯವಸ್ಥೆ ಕೂರಿಸುವವರಿಗೆ ಮೊದಲೇ ಹೇಳಿಡಿ.