ಚಾರಣದ ಯೋಜನೆ ನೀರಿನಿಂದ ಶುರುವಾಗಲಿ: ರೋವರ್–ರೇಂಜರ್ ತಂಡದ ಮೂರು ದಿನದ ಹೊರಾಂಗಣ ಶಿಬಿರವನ್ನು ರೂಪಿಸುವ ಬಗೆ

ಕಲಬುರಗಿ, ಬೀದರ್, ಯಾದಗಿರಿ ಭಾಗದ ಕಾಲೇಜುಗಳಲ್ಲಿ ರೋವರ್ ಮತ್ತು ರೇಂಜರ್, ಅಂದರೆ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯ ಯುವಕರ ಮತ್ತು ಯುವತಿಯರ ಘಟಕಗಳಿವೆ. ಆದರೆ ಅವುಗಳ ಹೊರಾಂಗಣ ಚಟುವಟಿಕೆ ಬಹಳ ಸಲ ಧ್ವಜವಂದನೆ, ಜಾಥಾ ಮತ್ತು ವರ್ಷಕ್ಕೊಂದು ಬಸ್ ಪ್ರವಾಸದಲ್ಲಿ ಮುಗಿದುಹೋಗುತ್ತದೆ. ಹುಡುಗರಿಗೆ ಆಸಕ್ತಿ ಇಲ್ಲ ಎಂದು ಇದಕ್ಕೆ ಕಾರಣ ಹೇಳುವುದುಂಟು. ಹಲವು ವರ್ಷ ಇಂಥ ಘಟಕದ ಜೊತೆ ನಡೆದ ನನಗೆ ಕಂಡ ಕಾರಣ ಬೇರೆ. ಹತ್ತು ವರ್ಷದ ಮಕ್ಕಳಿಗೆ ಮಾಡುವಂತೆಯೇ ಹದಿನೆಂಟರ ಯುವಕ ಯುವತಿಯರಿಗೂ ಜಾಗ, ಊಟ, ವೇಳಾಪಟ್ಟಿ ಎಲ್ಲವನ್ನೂ ನಾವೇ ಸಿದ್ಧಮಾಡಿ ಕೊಡುತ್ತೇವೆ. ಅವರ ಪಾಲಿಗೆ ಉಳಿಯುವುದು ಸಾಲಿನಲ್ಲಿ ನಿಲ್ಲುವ ಕೆಲಸ ಮಾತ್ರ. 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಪ್ರಾಯೋಗಿಕ ಶಿಬಿರ ನಡೆಸಿದ, ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಅವರು ಚಿಕ್ಕ ಹುಡುಗರನ್ನೇ ನಾಲ್ಕು ಸಣ್ಣ ತಂಡಗಳಾಗಿ ಮಾಡಿ, ಒಂದೊಂದಕ್ಕೂ ಅವರೊಳಗಿನವನನ್ನೇ ನಾಯಕನನ್ನಾಗಿಸಿದ್ದರು. ಮತದಾನದ ವಯಸ್ಸಿಗೆ ಬಂದವರ ಕೈಗೆ ಒಂದು ಚಾರಣದ ಹೊಣೆ ಕೊಡಲು ನಾವು ಹಿಂಜರಿಯಬೇಕಾಗಿಲ್ಲ.

ಕೊಡುವುದಕ್ಕೂ ಒಂದು ಕ್ರಮವಿದೆ. ಇಪ್ಪತ್ತನಾಲ್ಕು ಮಂದಿಯ ತಂಡವನ್ನು, ಎರಡು ರಾತ್ರಿ ಮೂರು ಹಗಲಿನ ಶಿಬಿರವನ್ನು ಲೆಕ್ಕದಲ್ಲಿಟ್ಟುಕೊಂಡು ಆ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲ ಹೆಜ್ಜೆ: ತಂಡವೇ ಕೂತು ತೀರ್ಮಾನಿಸಲಿ

ಶಿಬಿರಕ್ಕೆ ಎರಡು ತಿಂಗಳು ಮೊದಲೇ ಸಭೆ ಸೇರಿ, ಆರಾರು ಮಂದಿಯ ನಾಲ್ಕು ಗುಂಪು ಮಾಡಿ. ಒಂದು ಗುಂಪು ದಾರಿ ಮತ್ತು ನಕ್ಷೆಯನ್ನು, ಇನ್ನೊಂದು ನೀರು ಮತ್ತು ಊಟವನ್ನು, ಮತ್ತೊಂದು ಸುರಕ್ಷತೆಯನ್ನು, ಕೊನೆಯದು ಅನುಮತಿ ಮತ್ತು ಹಣದ ಲೆಕ್ಕವನ್ನು ನೋಡಿಕೊಳ್ಳಲಿ. ಘಟಕದ ಲೀಡರ್ ಆದವರು ಇಲ್ಲಿ ಉತ್ತರ ಕೊಡುವುದಕ್ಕಿಂತ ಪ್ರಶ್ನೆ ಕೇಳುವುದು ಒಳ್ಳೆಯದು. ಯಾಕೆ ಹೋಗುತ್ತಿದ್ದೀರಿ, ಕುಡಿಯುವ ನೀರು ಎಲ್ಲಿಂದ, ಒಬ್ಬರ ಕಾಲು ಉಳುಕಿದರೆ ವಾಹನ ಎಲ್ಲಿಯವರೆಗೆ ಬರುತ್ತದೆ, ಇಷ್ಟು ಹೊತ್ತಿಗೆ ಇಷ್ಟು ದೂರ ಮುಟ್ಟದಿದ್ದರೆ ಹಿಂದಿರುಗಬೇಕು ಎಂದು ಹೇಳುವವರು ಯಾರು? ಇವಕ್ಕೆ ಉತ್ತರ ಬರೆದು ತಂದ ಮೇಲೆಯೇ ಮುಂದಿನ ಮಾತು. ಮೂರು ವಿಷಯದಲ್ಲಿ ಮಾತ್ರ ಲೀಡರ್ ಮಾತೇ ಕಡೆಯದಾಗಿರಬೇಕು: ಕೆರೆ, ಹೊಳೆ, ಹೊಂಡಗಳಿಗೆ ಇಳಿಯಬಾರದು; ನಡು ಮಧ್ಯಾಹ್ನದ ಬಿಸಿಲಿನಲ್ಲಿ ನಡೆಯಬಾರದು; ಕತ್ತಲಾದ ಮೇಲೆ ಡಾಂಬರು ರಸ್ತೆಯ ಅಂಚಿನಲ್ಲಿ ಸಾಗಬಾರದು.

ದಿನಾಂಕ: ಪರೀಕ್ಷೆಯ ಜೊತೆ ಹೊಲವನ್ನೂ ನೋಡಿ

ಈ ಸೀಮೆಯಲ್ಲಿ ನವೆಂಬರ್ ನಡುವಿನಿಂದ ಫೆಬ್ರುವರಿ ಮೊದಲ ವಾರದವರೆಗೆ ಹೊರಗೆ ಮಲಗಲು ಹಿತವಾದ ಕಾಲ. ಏಪ್ರಿಲ್–ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುವುದು ಸಾಮಾನ್ಯವಾದ್ದರಿಂದ ಬೇಸಿಗೆ ರಜೆಯ ಚಾರಣವನ್ನು ಮರೆತುಬಿಡಿ. ಸೆಪ್ಟೆಂಬರ್ ಮಳೆಯಲ್ಲಿ ಎರೆ ಭೂಮಿಯ ಮಣ್ಣು ಬೂಟಿಗೆ ಕೆಜಿಗಟ್ಟಲೆ ಅಂಟಿಕೊಂಡು ನಡಿಗೆಯ ವೇಗ ಅರ್ಧಕ್ಕಿಳಿಯುತ್ತದೆ, ಸಣ್ಣ ಹಳ್ಳವೂ ಒಂದು ಗಂಟೆಯಲ್ಲಿ ಉಕ್ಕಿ ದಾರಿ ಕಡಿಯುತ್ತದೆ. ಚಳಿಗಾಲದಲ್ಲಿ ಇನ್ನೊಂದು ಎಚ್ಚರ ಬೇಕು: ಹಿಂಗಾರಿ ಜೋಳ ನಿಂತಿರುತ್ತದೆ, ತೊಗರಿ ರಾಶಿಯ ಕೆಲಸ ನಡೆದಿರುತ್ತದೆ. ನಕ್ಷೆಯಲ್ಲಿ ಖಾಲಿ ಕಾಣುವ ಜಾಗ ನಿಜದಲ್ಲಿ ಯಾರದೋ ವರ್ಷದ ಅನ್ನವಾಗಿರುತ್ತದೆ. ಬಂಡಿ ದಾರಿ ಮತ್ತು ಬದುವಿನ ಮೇಲೆ ಮಾತ್ರ ಸಾಗುವಂತೆ ದಾರಿ ಗುರುತಿಸಬೇಕು. ಎಳ್ಳಮಾವಾಸ್ಯೆಯಂದು ಮನೆಮಂದಿಯೆಲ್ಲ ಚರಗ ಚೆಲ್ಲಲು ಹೊಲಕ್ಕೆ ಹೋಗುವುದರಿಂದ ಆ ದಿನ ಶಿಬಿರ ಇಟ್ಟುಕೊಳ್ಳಬೇಡಿ. ನಿಮ್ಮ ತಂಡದ ಅರ್ಧ ಮಂದಿ ಬರಲಾರರು, ಬರಬೇಕೆಂದು ಒತ್ತಾಯಿಸುವುದೂ ಸರಿಯಲ್ಲ.

ಜಾಗ ಮತ್ತು ಅನುಮತಿ

ಚಾರಣಕ್ಕೆ ಪಶ್ಚಿಮ ಘಟ್ಟಕ್ಕೇ ಹೋಗಬೇಕೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಣೆಯಾದ ಚಿಂಚೋಳಿಯ ಕಾಡು, ಅದರೊಳಗಿನ ಚಂದ್ರಂಪಳ್ಳಿ ಜಲಾಶಯ, ಬೀದರಿನ ಜಂಬಿಟ್ಟಿಗೆಯ ಎತ್ತರದ ನೆಲ, ಯಾದಗಿರಿ ಮತ್ತು ಶಹಾಪುರದ ಬಂಡೆಗುಡ್ಡಗಳು, ಭೀಮಾ ದಂಡೆಯ ಸನ್ನತಿ, ಕಾಗಿಣಾ ದಂಡೆಯ ಮಳಖೇಡ, ಇಷ್ಟೆಲ್ಲ ನಮ್ಮ ಕೈಯಳತೆಯಲ್ಲೇ ಇವೆ. ಧಾಮದೊಳಗೆ ಕಾಲಿಡಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಬೀದರ್ ಮತ್ತು ಕಲಬುರಗಿ ಕೋಟೆಗಳು ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವುದರಿಂದ ಅಲ್ಲಿ ಒಲೆ ಹೂಡುವುದು, ಡೇರೆ ಹಾಕುವುದು ನಡೆಯದು. ಹಗಲಿನ ಅಭ್ಯಾಸಕ್ಕೆ ಮಾತ್ರ ಅವನ್ನು ಇಟ್ಟುಕೊಳ್ಳಿ. ರಾತ್ರಿ ತಂಗಲು ಊರಿಗೆ ಹತ್ತಿರದ, ರಾಶಿ ಮುಗಿದ ಹೊಲ ಅಥವಾ ಶಾಲೆಯ ಮೈದಾನ ಎಲ್ಲಕ್ಕಿಂತ ಅನುಕೂಲ. ಹೊಲದ ಯಜಮಾನರಿಂದ ಒಪ್ಪಿಗೆ ಪತ್ರ ಬರೆಸಿಕೊಳ್ಳಿ, ಗ್ರಾಮ ಪಂಚಾಯಿತಿಗೂ ಪೊಲೀಸ್ ಠಾಣೆಗೂ ಶಿಬಿರದ ದಿನಾಂಕ ಮತ್ತು ಹೆಸರುಗಳ ಪಟ್ಟಿ ಕೊಡಿ. ಹದಿನೆಂಟು ತುಂಬದವರಿಗೆ ಪಾಲಕರ ಸಹಿ ಬೇಕು. ರೇಂಜರ್‌ಗಳು ಬರುವುದಾದರೆ ಮಹಿಳಾ ಲೀಡರ್ ಮೂರೂ ದಿನ ಜೊತೆಗಿರಬೇಕು, ಬಾಗಿಲು ಭದ್ರವಾಗಿರುವ ಶೌಚಾಲಯ ಇರಬೇಕು. ಇವೆರಡರಲ್ಲಿ ಒಂದಿಲ್ಲದಿದ್ದರೂ ಜಾಗ ಬದಲಿಸಿ. ‘ಹುಡುಗಿಯರು ಬೇಡ’ ಎಂಬ ಸುಲಭದ ಉತ್ತರಕ್ಕೆ ಹೋಗಬೇಡಿ.

ನೀರಿನ ಲೆಕ್ಕ

ನಮ್ಮ ನಾಡಿನಲ್ಲಿ ಚಾರಣದ ದಾರಿಯನ್ನು ನಿಜವಾಗಿ ತೀರ್ಮಾನಿಸುವುದು ನೀರು. ಹೀಗಾಗಿ ನಕ್ಷೆಯ ಮೇಲೆ ಮೊದಲು ನೀರಿನ ಜಾಗಗಳನ್ನು ಗುರುತಿಸಿ, ಆಮೇಲೆ ಅವುಗಳ ನಡುವೆ ದಾರಿ ಎಳೆಯಲು ಹೇಳಿ. ಚಳಿಗಾಲದಲ್ಲೂ ನಡೆಯುವಾಗ ಗಂಟೆಗೆ ಅರ್ಧ ಲೀಟರ್ ಬೇಕಾಗುತ್ತದೆ. ಕುಡಿಯಲು ಮತ್ತು ಅಡುಗೆಗೆ ತಲೆಗೆ ದಿನಕ್ಕೆ ಐದು ಲೀಟರ್ ಹಿಡಿದರೆ ಇಪ್ಪತ್ತನಾಲ್ಕು ಮಂದಿಗೆ 120 ಲೀಟರ್, ಮೂರು ದಿನಕ್ಕೆ 360 ಲೀಟರ್, ಅಂದರೆ ಇಪ್ಪತ್ತು ಲೀಟರಿನ ಹದಿನೆಂಟು ಕ್ಯಾನ್. ಕೈಕಾಲು ಮುಖ, ಪಾತ್ರೆಗಳ ಲೆಕ್ಕ ಬೇರೆ.

ನೀರು ಇದೆ ಎಂದರೆ ಸಾಲದು, ಎಂಥ ನೀರು ಎಂದೂ ಕೇಳಬೇಕು. ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳ ಹಲವು ಕಡೆ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರುತ್ತದೆ. ಶಿಬಿರದಲ್ಲಿ ಕಲಿಸುವ ‘ಕುದಿಸಿ ಕುಡಿಯಿರಿ’ ಎಂಬ ಪಾಠ ರೋಗಾಣುಗಳಿಗೆ ಸರಿ, ಫ್ಲೋರೈಡಿಗೆ ಅಲ್ಲ. ಕುದಿಸಿದರೆ ನೀರು ಆವಿಯಾಗಿ ಉಳಿದುದರಲ್ಲಿ ಅದರ ಪ್ರಮಾಣ ಇನ್ನಷ್ಟು ಏರುತ್ತದೆ. ಮೂರು ದಿನ ಕುಡಿದರೆ ಯಾರಿಗೂ ಕಾಯಿಲೆ ಬರಲಿಕ್ಕಿಲ್ಲ, ಆದರೆ ಆ ಊರಿನವರು ವರ್ಷವಿಡೀ ಎಂಥ ನೀರು ಕುಡಿಯುತ್ತಾರೆ ಎಂಬುದನ್ನು ತಂಡ ತಿಳಿಯಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತುಂಬಿಸಿಕೊಳ್ಳಿ. ಆ ಘಟಕ ಈಗ ನಡೆಯುತ್ತಿದೆಯೇ ಎಂಬುದನ್ನು ಯಾರನ್ನೋ ಕೇಳಿ ತಿಳಿಯದೆ, ಹೋಗಿ ಕಣ್ಣಾರೆ ನೋಡಿ ಬನ್ನಿ.

ನಾವು ಒಮ್ಮೆ ಹೊಲದ ಬೋರ್ ನಂಬಿ ಡೇರೆ ಹಾಕಿದ್ದೆವು. ನೀರು ಧಾರಾಳವಾಗಿತ್ತು, ಆದರೆ ಪಂಪಿಗೆ ಬೇಕಾದ ತ್ರೀಫೇಸ್ ಕರೆಂಟು ಆ ವಾರ ರಾತ್ರಿ ಪಾಳಿಯಲ್ಲಿ ಬರುತ್ತಿತ್ತು ಎಂಬುದನ್ನು ಕೇಳಿಕೊಂಡಿರಲಿಲ್ಲ. ಹಗಲಿಡೀ ಹುಡುಗರು ಎರಡು ಕಿಲೋಮೀಟರ್ ದೂರದ ತಾಂಡಾದಿಂದ ಕೊಡದಲ್ಲಿ ನೀರು ಹೊತ್ತರು. ಅಂದಿನಿಂದ ನಮ್ಮ ಪಟ್ಟಿಯಲ್ಲಿ ‘ಕರೆಂಟಿನ ಪಾಳಿ’ ಎಂಬ ಸಾಲು ಸೇರಿದೆ. ನಿಮ್ಮ ಪಟ್ಟಿಯಲ್ಲೂ ಇರಲಿ.

ಮೊದಲೇ ನಡೆದು ನೋಡುವುದು

ಎರಡು ವಾರ ಮೊದಲು ದಾರಿಯ ಗುಂಪಿನಿಂದ ಮೂವರು ಮತ್ತು ಒಬ್ಬ ಲೀಡರ್ ಇಡೀ ದಾರಿಯನ್ನು ಅದೇ ಹೊತ್ತಿನಲ್ಲಿ ನಡೆದು ನೋಡಬೇಕು. ಬೈಕಿನಲ್ಲಿ ನೋಡಿದ್ದು ನೋಡಿದಂತಲ್ಲ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಅಳತೆಯ ನಕ್ಷೆಯಲ್ಲಿ ಎರಡು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಚೀಲ ಹೊತ್ತ ತಂಡ ಗಂಟೆಗೆ ಮೂರೂವರೆ ಕಿಲೋಮೀಟರಿಗಿಂತ ಹೆಚ್ಚು ನಡೆಯುವುದಿಲ್ಲವೆಂದು ಹಿಡಿದು, ದಿನಕ್ಕೆ ಹದಿನಾಲ್ಕು ಕಿಲೋಮೀಟರಿಗೆ ನಿಲ್ಲಿಸಿ. ಡಿಸೆಂಬರಿನಲ್ಲಿ ಆರು ಗಂಟೆಯೊಳಗೇ ಹೊತ್ತು ಮುಳುಗುತ್ತದೆ. ನಾಲ್ಕಕ್ಕೆ ಡೇರೆಯ ಜಾಗ ಮುಟ್ಟಿದರೆ ಕೆಲಸಕ್ಕೆ ಬೆಳಕು ಉಳಿಯುತ್ತದೆ. ಮೊಬೈಲ್ ಸಿಗ್ನಲ್ ಸಿಗುವ ಜಾಗ, ಆಂಬುಲೆನ್ಸ್ ಬರಬಲ್ಲ ತಿರುವು, ಹೆಜ್ಜೇನು ಕಟ್ಟಿದ ಬಂಡೆ, ಇವನ್ನು ನಕ್ಷೆಯ ಮೇಲೆಯೇ ಬರೆಯಿರಿ.

ಆರು ವಾರಗಳ ತರಬೇತಿ

ಮೊದಲ ವಾರ ಖಾಲಿ ಕೈಯಲ್ಲಿ ಐದು ಕಿಲೋಮೀಟರ್ ನಡೆಯಿರಿ. ನಂತರ ವಾರಕ್ಕಿಷ್ಟು ದೂರವನ್ನೂ ಭಾರವನ್ನೂ ಏರಿಸುತ್ತ ಐದನೆಯ ವಾರಕ್ಕೆ ಪೂರ್ತಿ ಚೀಲ ಹೊತ್ತು ಹನ್ನೆರಡು ಕಿಲೋಮೀಟರ್ ನಡೆಯುವಂತಾಗಬೇಕು; ಆರನೆಯ ವಾರ ವಿಶ್ರಾಂತಿ. ಚೀಲದ ಭಾರ ದೇಹದ ತೂಕದ ಐದನೇ ಒಂದು ಪಾಲನ್ನು ಮೀರಬಾರದು. ಐವತ್ತು ಕೆಜಿ ತೂಗುವವರಿಗೆ ಹತ್ತು ಕೆಜಿ, ಅದರಲ್ಲಿ ಎರಡು ಕೆಜಿ ನೀರೇ ಆಗಿರುತ್ತದೆ. ಹೊಸ ಬೂಟು ಹಾಕಿಕೊಂಡು ಶಿಬಿರಕ್ಕೆ ಬರುವವರನ್ನು ಮೊದಲ ವಾರದಲ್ಲೇ ತಡೆಯಿರಿ.

ಕೌಶಲದ ಪಾಠಗಳನ್ನು ತರಗತಿಯಲ್ಲಿ ಕಲಿಸಿದರೆ ಈ ವಯಸ್ಸಿನವರು ಬೇಸರಪಡುತ್ತಾರೆ. ನಿಜವಾದ ಜಾಗದಲ್ಲಿ ನಿಜವಾದ ಪ್ರಶ್ನೆ ಕೊಟ್ಟರೆ ಊಟ ಮರೆತು ಕೂರುತ್ತಾರೆ. ಬೀದರ್ ಕೋಟೆಯ ಸುತ್ತ ಬಂಡೆ ಕೊರೆದು ಮಾಡಿದ ಕಂದಕವಿದೆಯಲ್ಲ, ಅದರ ಅಗಲವನ್ನು ದಾಟದೆ ಅಳೆಯಿರಿ ಎಂದು ಹೇಳಿ. ಕಂದಕದ ಅಂಚು ನೇರವಾಗಿರುವ ಕಡೆ, ಅಂಚಿನಿಂದ ಸುರಕ್ಷಿತ ದೂರದಲ್ಲಿ ನಿಂತು, ಎದುರು ಗೋಡೆಯ ಮೇಲೆ ನೇರಕ್ಕೆ ಕಾಣುವ ಒಂದು ಗುರುತನ್ನು ದಿಕ್ಸೂಚಿಯಲ್ಲಿ ನೋಡಿಕೊಳ್ಳಬೇಕು. ಆಮೇಲೆ ಅಂಚಿಗೆ ಸಮಾನಾಂತರವಾಗಿ ನಡೆಯುತ್ತ ಅದೇ ಗುರುತಿನ ಕೋನ 45 ಡಿಗ್ರಿ ಬದಲಾದಾಗ ನಿಲ್ಲಬೇಕು. ನಡೆದ ದೂರವೇ ಮೊದಲು ನಿಂತ ಜಾಗದಿಂದ ಆ ಗುರುತಿಗಿರುವ ದೂರ; ಅದರಲ್ಲಿ ನಿಂತ ಜಾಗದಿಂದ ಅಂಚಿಗಿರುವ ದೂರ ಕಳೆದರೆ ಕಂದಕದ ಅಗಲ. ಹಾಗೆಯೇ ನೌಬಾದ್ ಕಡೆ ಬಹಮನಿ ಕಾಲದ ಕರೇಜ್, ಅಂದರೆ ನೆಲದಡಿಯ ನೀರಿನ ಸುರಂಗ, ಸಾಲು ಸಾಲಾದ ಬಾಯಿಗಳಿಂದ ಮೇಲೆ ಗುರುತು ಸಿಗುತ್ತದೆ. ಒಂದು ಬಾಯಿಯಿಂದ ಇನ್ನೊಂದಕ್ಕೆ ಎಷ್ಟು ಹೆಜ್ಜೆ, ಯಾವ ದಿಕ್ಕು ಎಂದು ಬರೆದುಕೊಳ್ಳುತ್ತ ಹೋದರೆ ಸಂಜೆಗೆ ಕೈಯಲ್ಲಿ ಒಂದು ನಕ್ಷೆ ಇರುತ್ತದೆ, ನೆಲದೊಳಗಿನ ಇಳಿಜಾರನ್ನು ನೆಚ್ಚಿ ನೀರು ಹರಿಸಿದವರ ಲೆಕ್ಕಾಚಾರವೂ ಮನಸ್ಸಿಗೆ ಇಳಿದಿರುತ್ತದೆ. ಆ ಬಾಯಿಗಳೊಳಗೆ ಇಳಿಯುವುದು, ಅಂಚಿನಲ್ಲಿ ಬಗ್ಗುವುದು ಖಂಡಿತ ಕೂಡದು.

ರಾತ್ರಿಯ ಅಭ್ಯಾಸಕ್ಕೆ ಧ್ರುವ ನಕ್ಷತ್ರ ಸಾಕು. ಅದು ಕ್ಷಿತಿಜದಿಂದ ಎಷ್ಟು ಡಿಗ್ರಿ ಮೇಲಿರುತ್ತದೋ ಹೆಚ್ಚುಕಡಿಮೆ ಅಷ್ಟೇ ಆ ಊರಿನ ಅಕ್ಷಾಂಶ. ಕಲಬುರಗಿಯಲ್ಲಿ 17 ಡಿಗ್ರಿಗೆ ತುಸು ಮೇಲೆ, ಬೀದರಿನಲ್ಲಿ ಹತ್ತಿರ ಹತ್ತಿರ 18. ಚಾಚಿದ ಕೈಯ ಒಂದು ಮುಷ್ಟಿ ಸುಮಾರು ಹತ್ತು ಡಿಗ್ರಿ ಆಗುವುದರಿಂದ ನಮ್ಮಲ್ಲಿ ಧ್ರುವವನ್ನು ಎರಡು ಮುಷ್ಟಿಗಿಂತ ಕೊಂಚ ಕೆಳಗೆ ಹುಡುಕಬೇಕು. ಗಂಟುಗಳಲ್ಲಿ ರೀಫ್ ನಾಟ್, ಕ್ಲೋವ್ ಹಿಚ್, ಬೋಲೈನ್ ಮೂರನ್ನು ಕಣ್ಣು ಮುಚ್ಚಿ ಕಟ್ಟಲು ಬಂದರೆ ಶಿಬಿರ ನಡೆಯುತ್ತದೆ.

ಮುಂದಾಳತ್ವವೂ ಅಭ್ಯಾಸದಿಂದಲೇ ಬರುವಂಥದು. ಪ್ರತಿ ನಡಿಗೆಯಲ್ಲಿ ಗಂಟೆಗೊಬ್ಬರು ನಾಯಕರಾಗಲಿ, ಎಲ್ಲರಿಗಿಂತ ನಿಧಾನ ನಡೆಯುವವರು ಮುಂದಿರಲಿ, ಪ್ರಥಮ ಚಿಕಿತ್ಸೆ ಬಲ್ಲವರು ಹಿಂದಿರಲಿ.

ಅಪಾಯಗಳು

ಈ ಭಾಗದಲ್ಲಿ ನನಗೆ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸುವುದು ಕಲ್ಲುಗಣಿಯ ಹೊಂಡಗಳು. ಪರಸಿ ಕಲ್ಲು ತೆಗೆದು ಬಿಟ್ಟ ಗಣಿಗಳಲ್ಲಿ ಮಳೆನೀರು ತುಂಬಿ ತಿಳಿಯಾಗಿ ಕಾಣುತ್ತದೆ. ಅಂಚು ನೆಟ್ಟಗೆ ಇಳಿದಿರುತ್ತದೆ, ಕಾಲಿಗೆ ನೆಲ ಸಿಗುವುದಿಲ್ಲ, ಹತ್ತಲು ಹಿಡಿಕೆ ಇರುವುದಿಲ್ಲ. ಈಜು ಬಲ್ಲವರಿಗೂ ನಿಷೇಧ ಒಂದೇ. ದಾರಿಯನ್ನು ಅಂಥ ಹೊಂಡಗಳ ಬಳಿ ಒಯ್ಯದಿರುವುದೇ ಸರಿಯಾದ ಯೋಜನೆ.

ನಾಗರ ಹಾವು, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೂ ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ಪ್ರತಿವಿಷ ಒಂದೇ. ಕಚ್ಚಿದ ಭಾಗವನ್ನು ಅಲುಗಾಡದಂತೆ ಕೋಲಿಟ್ಟು ಕಟ್ಟಿ, ನಡೆಸದೆ ಹೊತ್ತು ಸಾಗಿಸಿ. ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಬೇಡ. ಕಟ್ಟು ಹಾವು ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚುವುದರಿಂದ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿಯೇ ಮಲಗಬೇಕು. ಹೆಜ್ಜೇನಿರುವ ಬಂಡೆಯ ಬಳಿ ಹೊಗೆ, ಸೆಂಟು, ಕೂಗಾಟ ಮೂರೂ ನಿಲ್ಲಲಿ. ಬಿಸಿಲಿನಿಂದ ಸುಸ್ತಾದವರಿಗೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಕೊಡಿ. ಚಹಾ ಚಮಚ, ತಲೆ ಸವರಿದ ಅಳತೆ. ಮಾತು ತೊದಲಿದರೆ, ಗೊಂದಲಗೊಂಡರೆ ಕುಡಿಸಲು ಹೋಗದೆ ನೆರಳಿನಲ್ಲಿ ಮೈಗೆ ನೀರು ಸುರಿದು ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಿ.

ಊಟ ಮತ್ತು ಸೇವೆ

ಊಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಮೂರು ದಿನ ಕೆಡುವುದಿಲ್ಲ, ಹಗುರ, ಒಲೆ ಬೇಡ. ರಾತ್ರಿ ಒಂದು ಹೊತ್ತು ಮಾತ್ರ ಅನ್ನ, ತೊಗರಿಬೇಳೆ ಸಾರು ಮಾಡಿದರೆ ಸಾಕು.

ರೋವರ್‌ಗಳ ಧ್ಯೇಯವಾಕ್ಯವೇ ಸೇವೆ. ಎರಡನೆಯ ದಿನದ ಅರ್ಧ ಹೊತ್ತನ್ನು ಅದಕ್ಕೆ ಮೀಸಲಿಡಿ, ಆದರೆ ಏನು ಮಾಡಬೇಕೆಂಬುದನ್ನು ಊರಿನವರನ್ನು ಕೇಳಿ ತಿಳಿಯಿರಿ. ಒಂದು ಊರಿನಲ್ಲಿ ಹಿರಿಯರು ಕೇಳಿದ್ದು ತೆರೆದ ಬಾವಿಗಳ ಲೆಕ್ಕ. ಮೀಟರಿಗೊಂದು ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ, ಕಟ್ಟೆ ಭದ್ರವಾಗಿರುವ ಬಾವಿಗಳ ನೀರಿನ ಮಟ್ಟ ಅಳೆದು, ಪಟ್ಟಿಯನ್ನು ಪಂಚಾಯಿತಿಗೆ ಕೊಟ್ಟು ಬಂದೆವು.

ಮರಳಿದ ಮೇಲೆ

ಹೊರಡುವ ಮುನ್ನ ಒಲೆಯ ಬೂದಿಗೆ ನೀರು ಸುರಿದು, ಕೈಯಿಟ್ಟು ತಣ್ಣಗಾಗಿದೆಯೆಂದು ನೋಡಿ, ಹೊಲದ ಯಜಮಾನರನ್ನು ಕರೆದು ಜಾಗ ತೋರಿಸಿ. ಡೇರೆಗಳನ್ನು ಮಾರನೆಯ ದಿನವೇ ಬಿಸಿಲಿಗೆ ಹರವಿ. ಒಂದು ವಾರದೊಳಗೆ ಸಭೆ ಸೇರಿ, ನಾಲ್ಕೂ ಗುಂಪಿನವರು ಯೋಜನೆಯಲ್ಲಿ ಬರೆದದ್ದೇನು, ನಡೆದದ್ದೇನು ಎಂಬುದನ್ನು ಒಂದು ಪುಸ್ತಕದಲ್ಲಿ ಎದುರುಬದುರು ಬರೆಯಲಿ. ಆ ಪುಸ್ತಕದ ಮೊದಲ ಪುಟದಲ್ಲಿ ದಾರಿಯ ನೀರಿನ ಜಾಗಗಳು, ನೀರಿನ ಘಟಕದ ಸಮಯ ಮತ್ತು ಕರೆಂಟಿನ ಪಾಳಿ ಇರಲಿ. ಮುಂದಿನ ವರ್ಷದ ತಂಡ ಅದನ್ನು ತೆರೆದು ಸಭೆ ಆರಂಭಿಸಲಿ.