ಉಗಾಂಡಕ್ಕೆ ಸ್ವಯಂಸೇವೆಗೆ ಹೊರಟಿದ್ದೀರಾ?

ಟಿಕೆಟ್ ಆಮೇಲೆ, ಮೊದಲು ಹಳದಿ ಜ್ವರದ ಲಸಿಕೆ. ಹಾಕಿಸಿಕೊಂಡು 10 ದಿನ ಆದ ಮೇಲೇ ಸರ್ಟಿಫಿಕೇಟ್ ನಡೆಯುತ್ತದೆ. ಸರ್ಕಾರ ಒಪ್ಪಿದ ಕೇಂದ್ರದಲ್ಲೇ ಹಾಕಿಸಬೇಕು. ನಾನು ತೀರ್ಥಹಳ್ಳಿಯಿಂದ ಬೆಂಗಳೂರಿಗೆ ಹೋಗಿ ಬಂದೆ. ಒಂದು ಸಲ ಹಾಕಿಸಿದರೆ ಜೀವನಪೂರ್ತಿ ಸಾಕು. ಸರ್ಟಿಫಿಕೇಟಿನ ಆ ಹಳದಿ ಪುಸ್ತಕ ಪಾಸ್‌ಪೋರ್ಟ್ ಜೊತೆಗೇ ಇರಲಿ. ಉಗಾಂಡದ ಎಂಟೆಬೆ ವಿಮಾನ ನಿಲ್ದಾಣದಲ್ಲಿ ಇಳಿದಾಗ ಅಲ್ಲಿನವರು ಕೇಳುತ್ತಾರೆ, ವಾಪಸ್ ಬಂದಾಗ ನಮ್ಮವರು ಕೇಳುತ್ತಾರೆ. ಇಲ್ಲದಿದ್ದರೆ 6 ದಿನದವರೆಗೆ ಕ್ವಾರಂಟೈನ್! ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ನಮ್ಮ ಮಂಗನ ಕಾಯಿಲೆಯ ವೈರಸ್ಸೂ ಹಳದಿ ಜ್ವರದ ವೈರಸ್ಸಿನ ಕುಟುಂಬದ್ದೇ. ಹಾಗಾಗಿ ಮಲೆನಾಡಿನವರಿಗೆ ಇಂಥ ಜ್ವರದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ಅಲ್ವಾ?

ಮಲೇರಿಯಾ ಮಾತ್ರೆ ಡಾಕ್ಟರನ್ನು ಕೇಳಿ ಹೊರಡುವ ಮೊದಲೇ ಶುರು ಮಾಡಿ. ಊರಿಗೆ ಬಂದ ಮೇಲೂ ಅವರು ಹೇಳಿದಷ್ಟು ದಿನ ತಗೊಳ್ಳಿ. ಜ್ವರ ಬಂದರೆ ಅವತ್ತೇ ರಕ್ತ ಪರೀಕ್ಷೆ. ಶಿವಮೊಗ್ಗದಲ್ಲಿ ತೋರಿಸಿದರೆ ಉಗಾಂಡದಲ್ಲಿದ್ದೆ ಅಂತ ಮರೆಯದೆ ಹೇಳಿ. ನಲವತ್ತು ವರ್ಷ ನರ್ಸ್ ಆಗಿದ್ದವಳ ಮಾತು ಇದು.

ಟೂರಿಸ್ಟ್ ವೀಸಾ ತಿರುಗಾಡುವುದಕ್ಕೆ ಮಾತ್ರ. ಸಂಬಳ ಇಲ್ಲದಿದ್ದರೂ ಕೆಲಸ ಕೆಲಸವೇ. ಯಾವ ಪರ್ಮಿಟ್ ಬೇಕು, ಯಾರು ಮಾಡಿಸುತ್ತಾರೆ ಅಂತ ಕರೆಸಿಕೊಳ್ಳುವವರಿಂದ ಬರಹದಲ್ಲೇ ಪಡೆಯಿರಿ. ಡಾಲರ್ ನೋಟು ಹೊಸದಿರಲಿ, ಮಡಿಕೆ, ಹರಕು ಇರಬಾರದು. ಪ್ಲಗ್ಗಿಗೆ ಮೂರು ಚಪ್ಪಟೆ ಪಿನ್ನಿನ ಅಡಾಪ್ಟರ್ ಬೇಕು.

ವಿಮಾನ ಹಗಲಲ್ಲಿ ಇಳಿಯುವಂತೆ ನೋಡಿಕೊಳ್ಳಿ. ಎಂಟೆಬೆಯಿಂದ ರಾಜಧಾನಿ ಕಂಪಾಲಾ ಸುಮಾರು 40 ಕಿಲೋಮೀಟರ್, ಆದರೆ ಟ್ರಾಫಿಕ್ ಸಿಕ್ಕಿತೆಂದರೆ ಮುಗಿಯಿತು. ಕರೆದೊಯ್ಯಲು ಯಾರಾದರೂ ಬರಲಿ. ಬೋಡಾ ಬೋಡಾ ಅಂತ ಬಾಡಿಗೆ ಬೈಕ್ ಎಲ್ಲೆಲ್ಲೂ ಸಿಗುತ್ತದೆ. ಲಗೇಜ್ ಹಿಡಿದುಕೊಂಡು ಮಾತ್ರ ಹತ್ತಬೇಡಿ, ಹೆಲ್ಮೆಟ್ ಇಲ್ಲದೆ ಯಾವತ್ತೂ ಹತ್ತಬೇಡಿ.

ಮೊದಲ ವಾರ ಕೆಲಸಕ್ಕೆ ಕೈ ಹಾಕಬೇಡಿ. ಇದನ್ನೇ ನಾನು ಒತ್ತಿ ಹೇಳುವುದು. ನಾನಿದ್ದದ್ದು ಮಸಾಕಾ ಕಡೆಯ ಆರೋಗ್ಯ ಕೇಂದ್ರದಲ್ಲಿ. ಅಲ್ಲಿ ವಾಚ್‌ಮನ್‌ನಿಂದ ಹಿಡಿದು ಎಲ್ಲರೂ ರಾತ್ರಿ ನಿದ್ದೆ ಬಂತಾ, ಮನೆಯವರು ಹೇಗಿದ್ದಾರೆ ಅಂತ ವಿಚಾರಿಸಿದ ಮೇಲೇ ಮುಂದಿನ ಮಾತು. ಸುಮ್ನೆ ಒಳಗೆ ಹೋಗಿ ರಿಜಿಸ್ಟರ್ ಎಲ್ಲಿ ಅಂದರೆ ಸೊಕ್ಕಿನವಳು ಅಂದುಕೊಳ್ಳುತ್ತಾರೆ. ಮಸಾಕಾ ಇರುವ ಬುಗಾಂಡ ಸೀಮೆಯಲ್ಲಿ ಹೆಂಗಸರು ಹಿರಿಯರ ಮುಂದೆ ಮಂಡಿಯೂರಿ ಮಾತಾಡಿಸುತ್ತಾರೆ. ನಿಮಗೆ ಮುಜುಗರ ಆಗಬಹುದು. ಎಬ್ಬಿಸಲು ಹೋಗಬೇಡಿ, ಸಮಾಧಾನವಾಗಿ ಉತ್ತರ ಕೊಡಿ. ಔಷಧಿ ಕಪಾಟು ಜೋಡಿಸುವ ಆಸೆ ಬಂದರೂ ತಡೆದುಕೊಳ್ಳಿ. ಅಲ್ಲಿನ ಸಿಸ್ಟರ್‌ಗಳು ಹಾಗಿಟ್ಟಿದ್ದಕ್ಕೆ ಕಾರಣ ಇರುತ್ತದೆ.

ಊಟದ ಚಿಂತೆ ಬೇಡ. ಹಸಿ ಬಾಳೆಕಾಯಿ ಸಿಪ್ಪೆ ತೆಗೆದು, ಬಾಳೆ ಎಲೆಯಲ್ಲಿ ಕಟ್ಟಿ, ಇದ್ದಿಲ ಒಲೆ ಮೇಲೆ ಹಬೆಯಲ್ಲಿ ಗಂಟೆಗಟ್ಟಲೆ ಬೇಯಿಸಿ ಮಿದ್ದುತ್ತಾರೆ. ಅದೇ ಮಟೋಕೆ. ಎಲೆ ಬಿಚ್ಚಿದಾಗಿನ ಪರಿಮಳ ಥೇಟ್ ನಮ್ಮ ಹಲಸಿನ ಕಡುಬಿನದು. ಮೇಲೆ ಶೇಂಗಾ ಸಾರು ಹಾಕುತ್ತಾರೆ. ಸಸ್ಯಾಹಾರಿಗಳು ಮೊದಲೇ ಕೇಳಿಕೊಳ್ಳಿ, ಕೆಲವರು ಅದರಲ್ಲಿ ಒಣ ಮೀನು ಸೇರಿಸುತ್ತಾರೆ. ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯುವುದಾದರೆ ದೊಡ್ಡ ಬ್ಯಾಗಿನಲ್ಲಿ ಹಾಕಿ, ಕೈಚೀಲದಲ್ಲಿದ್ದರೆ ಸೆಕ್ಯೂರಿಟಿಯವರು ಬಿಡುವುದಿಲ್ಲ.